ಶರಣ ಹರಳಯ್ಯನವರ ಬೀಗತನ

12ನೆಯ ಶತಮಾನದ ಕಲ್ಯಾಣಕ್ಕೆ ನಾಡಿನ ನಾನಾ ಮೂಲೆಗಳಿಂದ ಶರಣರು ಬಂದು ನೆಲಸಿದರು. ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸಿದ ಸಂಗತಿಯನ್ನು ಸಿಂಧನೂರು, ಮಸ್ಕಿಗಳ ಸದ್ಭಕ್ತರೆಲ್ಲರೂ ಬಲ್ಲರು. ಅದೇ ಕಲ್ಯಾಣದಲ್ಲಿ ತೊಗಲನ್ನು ಹದಮಾಡಿ, ಪಾದರಕ್ಷೆಗಳನ್ನು ಹೊಲಿದು, ಬಂದುದರಲ್ಲಿ ಜಂಗಮವನ್ನು ಸಂತೃಪ್ತಿಗೊಳಿಸುತ್ತಿದ್ದವರು ಸಮಗಾರ ಹರಳಯ್ಯನವರು ಮತ್ತು ಅವರ ಧರ್ಮಪತ್ನಿ ಕಲ್ಯಾಣಮ್ಮನವರು.

ಒಂದು ದಿನ ಹರಳಯ್ಯನವರು ಬಸವಣ್ಣನವರಿಗೆ ಶರಣೆಂದಾಗ, ಬಸವಣ್ಣನವರು ಇಮ್ಮಡಿಯಾಗಿ ಶರಣು ಸಲ್ಲಿಸಿದರಂತೆ. ಈ ಋಣವನ್ನು ತೀರಿಸುವ ಬಗೆ ಕಾಣದೆ ಸತಿಪತಿಗಳಿಬ್ಬರೂ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆಗಳನ್ನು ಮಾಡಿ ತಂದರೆಂದೂ, ಬಸವಣ್ಣನವರು ಅವನ್ನು ಮೆಟ್ಟಲೊಪ್ಪದೆ ತಲೆಯ ಮೇಲೆ ಹೊತ್ತರೆಂದೂ ಶರಣಚರಿತೆಗಳು ಹೇಳುತ್ತವೆ. ಅಸ್ಪೃಶ್ಯನೆಂದು ಊರು ದೂರವಿಟ್ಟವನ ಕೈಕೆಲಸವು ಮಂತ್ರಿಯ ಶಿರವನ್ನೇರಿತು.

ಆದರೆ ಗೌರವಿಸುವುದು ಒಂದು, ಸಂಬಂಧ ಬೆಳೆಸುವುದು ಮತ್ತೊಂದು. ಆ ಎರಡನೆಯ ಪರೀಕ್ಷೆಯೂ ಬಂದಿತು. ಬಿಜ್ಜಳರಾಜನ ಆಸ್ಥಾನದಲ್ಲಿ ಅಧಿಕಾರದಲ್ಲಿದ್ದ ಮಧುವರಸರು ಬ್ರಾಹ್ಮಣಕುಲದಲ್ಲಿ ಜನಿಸಿ ಲಿಂಗದೀಕ್ಷೆ ಪಡೆದವರು. ಅವರ ಮಗಳು ಲಾವಣ್ಯವತಿಯನ್ನು ಹರಳಯ್ಯನವರ ಮಗ ಶೀಲವಂತನಿಗೆ ಕೊಡುವುದೆಂದು ನಿಶ್ಚಯವಾಯಿತು. ಶರಣರ ಸಮ್ಮತಿಯೊಡನೆ ವಿವಾಹವು ನೆರವೇರಿತು.

ಸಂಪ್ರದಾಯಸ್ಥರು ಅರಸನಲ್ಲಿಗೆ ದೂರು ಒಯ್ದರು. ಮೇಲಿನ ವರ್ಣದ ಕನ್ಯೆಯನ್ನು ಕೆಳಗಿನವನು ವರಿಸುವುದು ಪ್ರತಿಲೋಮ. ಅದರಿಂದ ವರ್ಣಸಂಕರವಾಗುವುದು ಎಂಬುದು ಅವರ ವಾದ. ಶರಣರ ನಿಲುವು ಸರಳವಾಗಿತ್ತು. ಇಷ್ಟಲಿಂಗವನ್ನು ಧರಿಸಿದವನಿಗೆ ಪೂರ್ವದ ಕುಲ ಉಳಿಯದು; ವರನೂ ಲಿಂಗವಂತ, ವಧುವೂ ಲಿಂಗವಂತೆ; ಹೀಗಿರಲು ಸಂಕರವೆಲ್ಲಿಯದು? ಈ ಮಾತನ್ನು ಅಲ್ಲಗಳೆದರೆ ದೀಕ್ಷೆಯನ್ನೇ ಅಲ್ಲಗಳೆದಂತಾಗುತ್ತಿತ್ತು. ಆದುದರಿಂದಲೇ ಶರಣರು ಹಿಂದೆಗೆಯಲಿಲ್ಲ.

ಅರಸನು ಬೀಗರಿಬ್ಬರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿಸಿ ಬೀದಿಯಲ್ಲಿ ಎಳೆಸಿದನೆಂದು ಪುರಾಣಗಳು ವರ್ಣಿಸುತ್ತವೆ. 1167ರ ಸುಮಾರಿನ ಆ ಕ್ಷೋಭೆಯಲ್ಲಿ ಬಿಜ್ಜಳನೂ ಕೊಲೆಯಾದನು, ಚೆನ್ನಬಸವಣ್ಣನವರೊಡನೆ ಶರಣರ ಒಂದು ಸಮೂಹವು ಉಳವಿಯತ್ತ ತೆರಳಿತು, ಕಲ್ಯಾಣವು ಬರಿದಾಯಿತು.

ಮಧುವರಸರ ತ್ಯಾಗವು ಎದ್ದು ಕಾಣುವಂಥದು. ಅವರು ಪದವಿಯಿಂದ ಇಳಿದು ಬಂದರು. ಹರಳಯ್ಯನವರ ಧೈರ್ಯವನ್ನೂ ಹಾಗೆಯೇ ನೆನೆಯಬೇಕು. ಅರಸನ ಕೋಪವು ಮೊದಲು ಬಡವನ ಗುಡಿಸಲನ್ನು ಹುಡುಕುತ್ತದೆಂಬುದನ್ನು ಅರಿಯದವರಲ್ಲ ಅವರು. ಮಗನ ಪ್ರಾಣಕ್ಕೂ ಕೇರಿಯ ಜನರಿಗೂ ಅಪಾಯವಿತ್ತು. ಬೇಡವೆಂದು ಕೈಮುಗಿದಿದ್ದರೆ ಯಾರೂ ದೂಷಿಸುತ್ತಿರಲಿಲ್ಲ. ಆದರೂ ಒಪ್ಪಿದರು. ಮಂತ್ರಿಯ ಬೀಗನೆಂಬ ಹೆಮ್ಮೆಗಾಗಿ ಒಪ್ಪಿದವರಲ್ಲ. ಶರಣಚರಿತೆಗಳಲ್ಲಿ ಅವರು ಕಡೆಯವರೆಗೂ ಕಾಯಕದ ಹರಳಯ್ಯನೇ.

ಇಂದು ಅಂಥ ವಿವಾಹಕ್ಕೆ ರಾಜದಂಡನೆಯಿಲ್ಲ. 1949ರ ಶಾಸನವು ಹಿಂದೂಗಳಲ್ಲಿ ಜಾತಿ, ಉಪಜಾತಿಗಳ ಭೇದದಿಂದ ವಿವಾಹವು ಅಸಿಂಧುವಾಗದೆಂದು ವಿಧಿಸಿತು. 1954ರ ವಿಶೇಷ ವಿವಾಹ ಕಾಯಿದೆಯು ಇನ್ನೂ ವಿಶಾಲವಾದ ದಾರಿಯನ್ನು ತೆರೆಯಿತು. ಕಾನೂನು ಬಾಗಿಲು ತೆರೆಯಬಲ್ಲುದು. ಹೊಸಿಲು ದಾಟಿ ಬಂದವರನ್ನು ಮಕ್ಕಳೆಂದು ಕರೆಯಬೇಕಾದವರು ಗೃಹಸ್ಥರೇ. ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿಗೆ ಹೋಗಿ ನಮಸ್ಕರಿಸುವ ನಾವು, ಮನೆಗೆ ಮರಳಿ ಮಗಳಿಗೆ ವರನನ್ನು ನೋಡುವಾಗ ಮೊದಲು ಕೇಳುವುದೇನು? ಒಳಪಂಗಡವನ್ನು, ಎಕರೆಗಳನ್ನು, ನೌಕರಿಯನ್ನು. ಅದೇ ಹುಡುಗನ ತಂದೆ ಕೂಲಿಕಾರನೆಂದು ತಿಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಹುಡುಗನ ಕಾಯಕ ಶುದ್ಧವೇ, ದುಶ್ಚಟಗಳಿಂದ ದೂರವೇ, ಹೆಣ್ಣನ್ನು ಸಮಾನಳೆಂದು ಕಾಣುವನೇ, ಇಬ್ಬರಿಗೂ ಒಪ್ಪಿಗೆಯಿದೆಯೇ ಎಂದು ಕೇಳುವ ಮನೆ ಹರಳಯ್ಯನವರಿಗೆ ಬೀಗರ ಮನೆ. ಅದನ್ನು ಕೇಳದ ಮನೆಯಲ್ಲಿ ಅವರ ಭಾವಚಿತ್ರಕ್ಕೆ ಎಷ್ಟು ಹೂವೇರಿಸಿದರೂ ಅವರು ಇನ್ನೂ ಅಂಗಳದಲ್ಲಿಯೇ ನಿಂತಿರುತ್ತಾರೆ.