ಶ್ರೀ ಜಗನ್ನಾಥದಾಸರು: ದಾನವಾಗಿ ದೊರೆತ ಆಯುಷ್ಯ

ಭಾದ್ರಪದ ಶುದ್ಧ ನವಮಿಯು ಶ್ರೀ ಜಗನ್ನಾಥದಾಸಾರ್ಯರ ಆರಾಧನಾ ದಿನ. ನಮ್ಮ ಪುಟ್ಟೇನಹಳ್ಳಿಯ ಮನೆಗಳಲ್ಲಿ ಹರಿಕಥಾಮೃತಸಾರವನ್ನು ಪಾರಾಯಣ ಮಾಡುವ ಆಸ್ತಿಕರು, ಆ ಗ್ರಂಥದ ಹಿಂದಿರುವ ಋಣವೊಂದನ್ನು ಸ್ಮರಿಸುವುದು ಯುಕ್ತವೆಂದು ಭಾವಿಸಿ ಈ ಚರಿತ್ರೆಯನ್ನು ಸಂಗ್ರಹವಾಗಿ ನಿವೇದಿಸುತ್ತೇವೆ.

ದಾಸರು 1728ರಲ್ಲಿ ರಾಯಚೂರು ಸೀಮೆಯ ಮಾನವಿಗೆ ಸೇರಿದ ಬ್ಯಾಗವಟ್ಟದಲ್ಲಿ ಜನಿಸಿದರು. ಆಗಿನ ಹೆಸರು ಶ್ರೀನಿವಾಸ. ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ ಸಂಸ್ಕೃತದಲ್ಲಿ ಪ್ರಚಂಡ ಪಂಡಿತರೆನಿಸಿದರು. ಪಾಂಡಿತ್ಯದೊಡನೆ ಅಭಿಮಾನವೂ ಬೆಳೆಯಿತು. ಕನ್ನಡದಲ್ಲಿ ಪದ ಹಾಡುವ ಹರಿದಾಸರನ್ನು ಕಂಡರೆ ಅವರಿಗೆ ತಾತ್ಸಾರ. ಪಾಠಶಾಲೆಯಲ್ಲಿ ನಾಲ್ಕು ಶ್ಲೋಕ ಕಲಿತ ಕಾಲದಲ್ಲಿ ನಾವೂ ದೇವರನಾಮಗಳನ್ನು ಹಾಗೆಯೇ ಹಗುರವಾಗಿ ಕಂಡವರು. ಆದುದರಿಂದ ಈ ಪ್ರಸಂಗ ನಮ್ಮನ್ನು ಚುಚ್ಚುತ್ತದೆ.

ಮಾನವಿಗೆ ಬಂದ ಶ್ರೀ ವಿಜಯದಾಸರು ಆಚಾರ್ಯರನ್ನು ಭೋಜನಕ್ಕೆ ಕರೆದರಂತೆ. ಇವರು ಹೊಟ್ಟೆಶೂಲೆಯ ನೆಪ ಹೇಳಿ ತಪ್ಪಿಸಿಕೊಂಡರು. ನೆಪವೇ ನಿಜವಾಯಿತು. ಅನ್ನ ಸೇರದು, ದೇಹ ಕೃಶವಾಯಿತು, ಮರಣ ಸಮೀಪಿಸಿತು. ಮಂತ್ರಾಲಯದಲ್ಲಿ ಶ್ರೀರಾಯರನ್ನು ಸೇವಿಸಲು, ವಿಜಯದಾಸರಿಗೇ ಶರಣಾಗಬೇಕೆಂದು ಸ್ವಪ್ನಸೂಚನೆಯಾಯಿತು. ವಿಜಯದಾಸರು ಅವರನ್ನು ತಮ್ಮ ಶಿಷ್ಯರಾದ ಉತ್ತನೂರಿನ ಶ್ರೀ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನಿತ್ತು, ತಮ್ಮ ಆಯುಷ್ಯದಲ್ಲಿ ನಾಲ್ವತ್ತು ವರ್ಷಗಳನ್ನು ಧಾರೆಯೆರೆದರೆಂಬುದು ಪರಂಪರೆಯ ಮಾತು. ತಮ್ಮನ್ನು ಹಳಿದವನಿಗೆ ಅವರು ಕೊಟ್ಟ ಉತ್ತರ ಇದು.

ಬಳಿಕ ಪಂಢರಪುರದ ಚಂದ್ರಭಾಗೆಯಲ್ಲಿ ಜಗನ್ನಾಥವಿಠಲ ಎಂಬ ಅಂಕಿತ ದೊರೆಯಿತು. ಗೋಪಾಲದಾಸರು 1762ರಲ್ಲಿ, ನಾಲ್ವತ್ತರ ಆಸುಪಾಸಿನಲ್ಲಿಯೇ, ಹರಿಪದವನ್ನೈದಿದರು. ಶಿಷ್ಯರು ಮತ್ತೆ ನಾಲ್ವತ್ತೇಳು ವರ್ಷ ಬಾಳಿ 1809ರಲ್ಲಿ ಮಾನವಿಯಲ್ಲಿ ದೇಹವನ್ನು ಬಿಟ್ಟರು.

ಆ ಆಯುಷ್ಯವನ್ನು ಅವರು ಹೇಗೆ ಸವೆಸಿದರು? ತಾತ್ಸಾರಗೈದ ಕನ್ನಡದಲ್ಲಿಯೇ, ಭಾಮಿನೀ ಷಟ್ಪದಿಯಲ್ಲಿ, ಹರಿಕಥಾಮೃತಸಾರವನ್ನು ರಚಿಸಿದರು. ತತ್ತ್ವಸುವ್ವಾಲಿಯನ್ನೂ ಕೀರ್ತನೆಗಳನ್ನೂ ಹಾಡಿದರು. ವಿಭೂತಿ ಸಂಧಿಯಲ್ಲಿ ಲೋಕದ ಚೆಲುವೆಲ್ಲವೂ ಶ್ರೀಹರಿಯ ಸನ್ನಿಧಾನದ ಗುರುತಾಗುತ್ತದೆ. ಅಂದು ಭೋಜನವನ್ನು ತಿರಸ್ಕರಿಸಿದವರೇ ಭೋಜನರಸವಿಭಾಗ ಸಂಧಿಯನ್ನು ಬರೆದು, ತುತ್ತು ತುತ್ತಿನ ರಸದಲ್ಲಿಯೂ ಭಗವಂತನ ರೂಪಗಳನ್ನು ತೋರಿದರು. ಉಣ್ಣಲಾರದೆ ಬಳಲಿದ ದೇಹಕ್ಕೆ ಅನ್ನದ ಬೆಲೆ ತಿಳಿದಿತ್ತು. ಮುಂದೆ ಈ ಕನ್ನಡ ಕೃತಿಗೆ ಶ್ರೀ ಸಂಕರ್ಷಣ ಒಡೆಯರು ಸಂಸ್ಕೃತದಲ್ಲಿ ವ್ಯಾಖ್ಯಾನವನ್ನು ರಚಿಸಿದರು.

ನಮ್ಮ ಆಯುಷ್ಯವೂ ಸ್ವಂತ ಸಂಪಾದನೆಯೇನಲ್ಲ. ತಾಯಿತಂದೆಗಳು, ಗುರುಗಳು ತಮ್ಮ ವರ್ಷಗಳನ್ನು ಸವೆಸಿ ನಮ್ಮನ್ನು ಉಳಿಸಿದ್ದಾರೆ. ಆ ಋಣವನ್ನು ನೆನೆದು, ಆರಾಧನೆಯಂದು ಮನೆಮಂದಿಯೆಲ್ಲ ಕುಳಿತು ಒಂದು ಸಂಧಿಯನ್ನಾದರೂ ಅರ್ಥಸಹಿತ ಪಠಿಸಿ, ಹಸಿದು ಬಂದವರೊಡನೆ ಪ್ರಸಾದ ಸ್ವೀಕರಿಸಬೇಕೆಂದು ಭಕ್ತ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ.

॥ ಶ್ರೀ ಕೃಷ್ಣಾರ್ಪಣಮಸ್ತು ॥