ಒಂದು ತುದಿಯಲ್ಲಿ ಬಾರ್, ಇನ್ನೊಂದು ತುದಿಯಲ್ಲಿ ದೂರವಾಣಿ

1935ರ ಮೇ 11, ಶನಿವಾರ. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದ ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ 39 ವರ್ಷದ ವ್ಯಕ್ತಿಯೊಬ್ಬ ಅತ್ತಿಂದಿತ್ತ ನಡೆದಾಡುತ್ತಿದ್ದ. ನ್ಯೂಯಾರ್ಕಿನಿಂದ ಯಾವ ವ್ಯವಹಾರವನ್ನು ನಂಬಿ ಬಂದಿದ್ದನೋ ಅದು ಮುರಿದುಬಿದ್ದಿತ್ತು. ಮದ್ಯ ಬಿಟ್ಟು ಐದು ತಿಂಗಳಾಗಿತ್ತು. ಪಡಸಾಲೆಯ ಒಂದು ತುದಿಯ ಬಾರ್‌ನಿಂದ ನಗೆಯ ಅಲೆ ತೇಲಿ ಬರುತ್ತಿತ್ತು. ಇನ್ನೊಂದು ತುದಿಯಲ್ಲಿ ದೂರವಾಣಿಯಿತ್ತು. ಆತ ದೂರವಾಣಿಯತ್ತ ನಡೆದ. ಆತನೇ ಬಿಲ್ ವಿಲ್ಸನ್, ಮುಂದೆ ಆಲ್ಕೊಹಾಲಿಕ್ಸ್ ಅನಾನಿಮಸ್ ಅಥವಾ 'ಎಎ' ಎಂದು ಜಗತ್ತು ಅರಿತ ಸಂಘದ ಸಹಸ್ಥಾಪಕ.

ವಿಲ್ಸನ್ ಹುಟ್ಟಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ. ಜನಿಸಿದ ಕೋಣೆ ಅಜ್ಜಿಯ ಹೋಟೆಲಿನ ಬಾರ್‌ನ ಹಿಂಬದಿಯಲ್ಲಿತ್ತೆಂಬುದು ವಿಧಿಯ ವ್ಯಂಗ್ಯವೇ ಸರಿ. ಬಾಲ್ಯದಲ್ಲೇ ತಂದೆ ತಾಯಿ ಬೇರೆಯಾದರು. ತಾಯಿಯ ತವರಿನ ಅಜ್ಜ ಅಜ್ಜಿಯರು ಸಾಕಿದರು. 1912ರಲ್ಲಿ ಪ್ರೀತಿಸಿದ ಸಹಪಾಠಿ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡಾಗ ತರುಣ ಬಿಲ್ ತಿಂಗಳುಗಟ್ಟಲೆ ಖಿನ್ನತೆಯಲ್ಲಿ ಮುಳುಗಿದ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಸೇನಾಧಿಕಾರಿಯಾಗಿದ್ದ ಈ ಸಂಕೋಚದ ಯುವಕನಿಗೆ ಔತಣಕೂಟವೊಂದರಲ್ಲಿ ಯಾರೋ ಮದ್ಯದ ಲೋಟ ಕೊಟ್ಟರು. ಅಂದು ಸಂಕೋಚವೆಲ್ಲ ಕರಗಿತು. ಕುಡಿತದ ಕಥೆಗಳು ಹೆಚ್ಚಾಗಿ ಇಂಥ ಸುಖದಿಂದಲೇ ಆರಂಭವಾಗುತ್ತವೆ.

1918ರ ಜನವರಿ 24ರಂದು ಲೂಯಿಸ್ ಬರ್ನ್‌ಹ್ಯಾಮ್ ಜತೆ ವಿವಾಹವಾಯಿತು. ವಾಲ್ ಸ್ಟ್ರೀಟ್‌ನ ಷೇರು ವ್ಯವಹಾರದಲ್ಲಿ ವಿಲ್ಸನ್ ಹಣ, ಹೆಸರು ಎರಡನ್ನೂ ಗಳಿಸಿದ. 1929ರ ಕುಸಿತದಲ್ಲಿ ಹಣ ಹೋಯಿತು, ಕುಡಿತ ಉಳಿಯಿತು. ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ ದುಡಿದು ಲೂಯಿಸ್ ಮನೆ ನಡೆಸಿದಳು. ಪತಿ ಆಕೆಯ ಪರ್ಸಿನಿಂದಲೇ ಹಣ ಕದಿಯುವ ಸ್ಥಿತಿಗಿಳಿದ.

1933-34ರಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಆತ ನಾಲ್ಕು ಬಾರಿ ದಾಖಲಾದ. ಅಲ್ಲಿನ ವೈದ್ಯ ವಿಲಿಯಂ ಸಿಲ್ಕ್‌ವರ್ತ್, ಕುಡಿತದ ಚಟ ಚಾರಿತ್ರ್ಯದ ದೋಷವಲ್ಲ, ರೋಗ ಎಂದು ನಂಬಿದ್ದವರು. ಅದು ದೇಹದ ಅಲರ್ಜಿಯೆಂಬ ಅವರ ವಾದವನ್ನು ವೈದ್ಯಶಾಸ್ತ್ರ ಒಪ್ಪಲಿಲ್ಲ. ಆದರೆ ರೋಗವೆಂಬ ಮಾತು ನಿಂತಿತು. 1956ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಅದಕ್ಕೆ ಮುದ್ರೆಯೊತ್ತಿತು. ಹೀಗೇ ಮುಂದುವರಿದರೆ ಸನ್ನಿಯಲ್ಲಿ ಹೃದಯ ನಿಲ್ಲಬಹುದು, ಇಲ್ಲವೇ ಮಿದುಳು ಕೆಡಬಹುದು ಎಂದು ಲೂಯಿಸ್‌ಗೆ ಎಚ್ಚರಿಕೆ ನೀಡಲಾಗಿತ್ತು.

ಅದು ಹೆದರಿಸುವ ಮಾತಾಗಿರಲಿಲ್ಲ. ನಿತ್ಯದ ಮದ್ಯ ಮಿದುಳನ್ನು ಮಂದಗೊಳಿಸುತ್ತದೆ. ಅದನ್ನು ಎದುರಿಸಲು ಮಿದುಳು ಸದಾ ಉದ್ರಿಕ್ತವಾಗಿರಲು ಕಲಿಯುತ್ತದೆ. ಮದ್ಯ ಥಟ್ಟನೆ ನಿಂತರೆ ಆ ಉದ್ರೇಕವಷ್ಟೇ ಉಳಿದು ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳುತ್ತವೆ, ಪ್ರಾಣವೂ ಹೋಗಬಹುದು. ಆದ್ದರಿಂದ ವರ್ಷಗಟ್ಟಲೆ ವಿಪರೀತ ಕುಡಿದವರು ವೈದ್ಯರ ನೆರವಿಲ್ಲದೆ ಏಕಾಏಕಿ ಬಿಡುವುದು ಅಪಾಯಕರ. ಯಕೃತ್ತಿನ ಹಾನಿ, ಬಿ1 ಜೀವಸತ್ವದ ಕೊರತೆಯಿಂದ ಬರುವ ಮರೆವು, ಹಲವು ಬಗೆಯ ಕ್ಯಾನ್ಸರ್ ಇವು ನಿಧಾನವಾಗಿ ಬರುವ ಪೆಟ್ಟುಗಳು.

1934ರ ನವೆಂಬರಿನಲ್ಲಿ ಹಳೆಯ ಕುಡುಕ ಮಿತ್ರ ಎಬಿ ಥ್ಯಾಚರ್ ಮನೆಗೆ ಬಂದು, ನೀಡಿದ ಲೋಟವನ್ನು ನಿರಾಕರಿಸಿದ. ಅಚ್ಚರಿಗೊಂಡ ವಿಲ್ಸನ್ ಡಿಸೆಂಬರ್ 11ರಂದು ಕೊನೆಯ ಬಾರಿಗೆ ಆಸ್ಪತ್ರೆ ಸೇರಿದ. ಅಲ್ಲಿ ಕೋಣೆಯೆಲ್ಲ ಬೆಳಕು ತುಂಬಿದಂಥ ಅನುಭವವಾಯಿತು. ಭ್ರಮೆ ಹುಟ್ಟಿಸಬಲ್ಲ ಬೆಲಡೋನಾ ಔಷಧಿಯನ್ನು ಅಲ್ಲಿ ಕೊಡುತ್ತಿದ್ದರೆಂಬುದನ್ನೂ ಮರೆಯಲಾಗದು. ಕಾರಣ ಏನೇ ಇರಲಿ, ಆತ ಮತ್ತೆ ಕುಡಿಯಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅನೇಕ ಕುಡುಕರಿಗೆ ಉಪದೇಶಿಸಿದ, ಒಬ್ಬನೂ ಸುಧಾರಿಸಲಿಲ್ಲ. ಆದರೆ ಉಪದೇಶಿಸುತ್ತಿದ್ದ ಆತ ಮಾತ್ರ ಕುಡಿಯದೆ ಉಳಿದಿದ್ದಾನೆಂಬುದನ್ನು ಗಮನಿಸಿದ್ದು ಲೂಯಿಸ್.

ಆಕ್ರನ್ನಿನಲ್ಲಿ ನೆನಪಾದದ್ದು ಅದೇ. ತನ್ನನ್ನು ಉಳಿಸಿಕೊಳ್ಳಲು ಆತನಿಗೆ ಇನ್ನೊಬ್ಬ ಕುಡುಕ ಬೇಕಾಗಿದ್ದ. ಹೋಟೆಲಿನಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಪಾದ್ರಿಯೊಬ್ಬರಿಗೆ ಕರೆ ಮಾಡಿದ; ಅಲ್ಲಿಂದ ಕೈದಾಟಿ ಮರುದಿನ ಸಂಜೆ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್ ಎದುರಾದರು. ಹದಿನೈದು ನಿಮಿಷವಷ್ಟೇ ಎಂಬ ಷರತ್ತಿನೊಡನೆ ಬಂದವರು ಆರು ಗಂಟೆಗೂ ಹೆಚ್ಚು ಕಾಲ ಕುಳಿತರು. ಈ ಬಾರಿ ವಿಲ್ಸನ್ ಉಪದೇಶಿಸಲಿಲ್ಲ, ತನ್ನ ಕಥೆಯನ್ನಷ್ಟೇ ಹೇಳಿದ. ವೈದ್ಯರು ಒಮ್ಮೆ ಮತ್ತೆ ಜಾರಿದರು. 1935ರ ಜೂನ್ 10ರಂದು ಶಸ್ತ್ರಚಿಕಿತ್ಸೆಗೆ ಹೊರಟ ಅವರ ನಡುಗುವ ಕೈಯನ್ನು ಹಿಡಿತಕ್ಕೆ ತರಲು ವಿಲ್ಸನ್ನನೇ ಒಂದು ಬಾಟಲಿ ಬಿಯರ್ ಕೊಟ್ಟ. ಅದೇ ಅವರ ಕೊನೆಯ ಕುಡಿತ. ಆ ದಿನವನ್ನೇ ಎಎ ತನ್ನ ಜನ್ಮದಿನವೆಂದು ಎಣಿಸುತ್ತದೆ.

1939ರಲ್ಲಿ ಸಂಘದ ಹೆಸರಿನದೇ ಪುಸ್ತಕ ಪ್ರಕಟವಾಯಿತು. ಅದೇ ವರ್ಷ ವಿಲ್ಸನ್ ದಂಪತಿ ಮನೆ ಕಳೆದುಕೊಂಡು ಸ್ನೇಹಿತರ ಆಶ್ರಯದಲ್ಲಿ ಅಲೆದರು. 1941ರ ಪತ್ರಿಕಾ ಲೇಖನವೊಂದರ ಬಳಿಕ ಸದಸ್ಯರ ಸಂಖ್ಯೆ ವರ್ಷದೊಳಗೆ 2,000ದಿಂದ 8,000ಕ್ಕೇರಿತು. 1951ರಲ್ಲಿ ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಸಂಘವನ್ನು ಲೂಯಿಸ್ ಜತೆಗೂಡಿ ಕಟ್ಟಿದಳು. ಆಕೆಯ ಹಕ್ಕಿನ ಕಥೆಯೇ ಬೇರೆ ಬರೆಯಬೇಕು. ಎಎ 1957ರಲ್ಲಿ ಭಾರತಕ್ಕೂ ಬಂತು; ಬೆಂಗಳೂರಿನಲ್ಲಿಯೂ ಅದರ ಸಭೆಗಳು ನಡೆಯುತ್ತವೆ. ವೈದ್ಯಕೀಯ ನೆರವಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇದೆ.

ವಿಲ್ಸನ್ ಸಂತನಾಗಿರಲಿಲ್ಲ. ಮದ್ಯ ಬಿಟ್ಟ ಮೇಲೂ ಖಿನ್ನತೆ ವರ್ಷಗಟ್ಟಲೆ ಕಾಡಿತು. 1956ರಲ್ಲಿ ಎಲ್‌ಎಸ್‌ಡಿಯನ್ನೂ ಪ್ರಯೋಗಿಸಿ ನೋಡಿದ. ಯೇಲ್ ವಿಶ್ವವಿದ್ಯಾಲಯದ ಗೌರವ ಪದವಿಯನ್ನು ಅನಾಮಿಕತೆಯ ನಿಯಮಕ್ಕಾಗಿ ನಿರಾಕರಿಸಿದ ಈ ಮನುಷ್ಯನಿಗೆ ಸಿಗರೇಟು ಬಿಡುವುದು ಬಹುಕಾಲ ಸಾಧ್ಯವಾಗಲಿಲ್ಲ. ಶ್ವಾಸಕೋಶ ಹಾಳಾಯಿತು. ಕೊನೆಯ ವಾರಗಳಲ್ಲಿ ಆತ ಹಲವು ಬಾರಿ ವಿಸ್ಕಿ ಕೇಳಿದನೆಂದು ಶುಶ್ರೂಷಕರ ದಾಖಲೆಗಳು ತಿಳಿಸುತ್ತವೆ. ಯಾರೂ ಕೊಡಲಿಲ್ಲ. 1971ರ ಜನವರಿ 24ರಂದು ಮಯಾಮಿಯಲ್ಲಿ ಕೊನೆಯುಸಿರೆಳೆದಾಗ ಮದ್ಯ ಬಿಟ್ಟು 36 ವರ್ಷ ಕಳೆದಿತ್ತು. ಅಂದು ವಿವಾಹದ 53ನೆಯ ವಾರ್ಷಿಕೋತ್ಸವವೂ ಆಗಿತ್ತು.