ಫಾದರ್ ವಿನ್ಸೆಂಟ್ ಫೆರರ್

ನಮ್ಮ ಗುಮ್ಮಘಟ್ಟದ ಸುತ್ತಮುತ್ತ ಆರ್.ಡಿ.ಟಿ. ಎಂಬ ಹೆಸರನ್ನು ಕೇಳದವರು ವಿರಳ. ಆದರೆ ಆ ಸಂಸ್ಥೆಯನ್ನು ಸ್ಥಾಪಿಸಿದವರು ಏಳು ಸಮುದ್ರದಾಚೆಯಿಂದ ಬಂದವರೆಂಬುದು ಚಿಕ್ಕವರಿಗೆ ತಿಳಿದಿರಲಾರದು.

ವಿನ್ಸೆಂಟ್ ಫೆರರ್ ಅವರು 1920ನೇ ಇಸವಿ ಏಪ್ರಿಲ್ 9ರಂದು ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಜನಿಸಿದರು. ಮೀಸೆ ಚಿಗುರುವ ವಯಸ್ಸಿನಲ್ಲೇ ಅಂತರ್ಯುದ್ಧಕ್ಕೆ ಸಿಪಾಯಿಯಾಗಿ ಹೋಗಬೇಕಾಯಿತು. 1938ರ ಎಬ್ರೊ ನದಿಯ ಘೋರ ಕದನವನ್ನು ಕಣ್ಣಾರೆ ಕಂಡರು. ಮುಂದೆ ಕಾನೂನಿನ ಓದನ್ನು ಬಿಟ್ಟು 1944ರಲ್ಲಿ ಜೆಸ್ವಿಟ್ ಪಂಗಡ ಸೇರಿ, 1952ರಲ್ಲಿ ಮುಂಬಯಿಗೆ ಬಂದಿಳಿದರು. ಮನ್ಮಾಡಿನ ಬಡ ರೈತರಿಗೆ ಬಾವಿ ತೋಡಲು ನೆರವಾದರು. ಅವರಿಗೆ ದೊರೆತ ಜನಬೆಂಬಲ ಕೆಲವರ ಕಣ್ಣು ಕಿಸುರಾಗಿಸಿತು. 1968ರಲ್ಲಿ ದೇಶ ಬಿಡಬೇಕೆಂಬ ಆಜ್ಞೆ ಬಂದಾಗ ಸಾವಿರಾರು ರೈತರು ಅವರ ಪರವಾಗಿ ಮುಂಬಯಿಗೆ ನಡೆದರು. ಇಂದಿರಾ ಗಾಂಧಿಯವರ ಸರ್ಕಾರ ಮರಳಿ ಬರಲು ಅನುಮತಿ ನೀಡಿತು. 1969ರಲ್ಲಿ ಅವರು ಬಂದು ನೆಲೆಸಿದ್ದು ನಮ್ಮ ಅನಂತಪುರದಲ್ಲಿ. ಮಳೆಗಾಗಿ ಬಾಯಿ ಬಿಡುವ ಈ ಸೀಮೆಗೆ ಬೇಕೆಂದೇ ಬರುವವರು ಆಗ ಯಾರಿದ್ದರು? ಮರುವರ್ಷ ಪಂಗಡವನ್ನು ತೊರೆದು, ಇಂಗ್ಲೆಂಡಿನ ಪತ್ರಕರ್ತೆ ಆನ್ ಅವರನ್ನು ಮದುವೆಯಾದರು.

ಬಾವಿ, ಮನೆ, ಶಾಲೆಗಳ ವಿಷಯ ದೊಡ್ಡವರಿಗೆ ಗೊತ್ತೇ ಇದೆ. ಅಂಗವಿಕಲರಿಗಾಗಿ ನಡೆದ ಕೆಲಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕರ್ಮಫಲವೆಂದು ಮನೆಯ ಮೂಲೆಯಲ್ಲಿ ಕೂಡಿಸಿದ್ದವರನ್ನು ಹೊರಗೆ ಕರೆತಂದು, ಹಳ್ಳಿಗಳಲ್ಲಿ ಅವರದೇ ಸಂಘಗಳನ್ನು ಕಟ್ಟಿಸಿತು ಫೆರರ್ ಅವರ ಸಂಸ್ಥೆ. ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್‌ಗಳಲ್ಲಿ ಆಸ್ಪತ್ರೆಗಳೂ ಎದ್ದವು. ಆದರೆ ಆಸ್ಪತ್ರೆಯೊಂದೇ ಸಾಲದು.

ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಭಾರಿ ಪೆಟ್ಟಾದವರನ್ನೇ ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡಾಸ್ಪತ್ರೆ ಪ್ರಾಣ ಉಳಿಸಿ ಕಳಿಸುತ್ತದೆ. ನಿಜವಾದ ಕಷ್ಟ ಊರಿಗೆ ಬಂದ ಮೇಲೆ. ಕೈಕಾಲು ನೆಟ್ಟಗಿದ್ದರೂ ಮಾತು ತಡವರಿಸಬಹುದು, ಬೆಳಗಿನದು ಸಂಜೆಗೆ ಮರೆತುಹೋಗಬಹುದು, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರಬಹುದು. ಒಳಗಿನ ಗಾಯ ಕಾಣದ ಜನ ಹುಚ್ಚೆಂದು ನಗುತ್ತಾರೆ. ಸ್ನಾನ, ಊಟ, ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದು, ಎಲ್ಲವನ್ನೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮತ್ತೆ ಅಭ್ಯಾಸ ಮಾಡಿಸಬೇಕು. ದಿನದಿನವೂ ಮಾಡಿಸಬಲ್ಲವರು ತಾಯಿ, ತಮ್ಮ, ನೆರೆಮನೆಯವರು; ಅವರಿಗೆ ಹೇಳಿಕೊಡಲು ತರಬೇತಾದ ಕಾರ್ಯಕರ್ತರು ಹಳ್ಳಿಗೇ ಬರಬೇಕು. ಇದಕ್ಕೆ ಸಮುದಾಯ ಆಧಾರಿತ ಪುನರ್ವಸತಿ ಎಂದು ಹೆಸರು. 1978ರ ಆಲ್ಮಾ ಆಟಾ ಸಮ್ಮೇಳನದ ನಂತರ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಬಡ ದೇಶಗಳಲ್ಲಿ ಪ್ರಚಾರ ಮಾಡಿತು. ಫೆರರ್ ಅವರ ಕಾರ್ಯಕರ್ತರು ನಮ್ಮ ಜಿಲ್ಲೆಯಲ್ಲಿ ಅಂಗವಿಕಲರ ಮನೆಬಾಗಿಲಿಗೆ ಹೋದದ್ದೂ ಇದೇ ದಾರಿಯಲ್ಲಿ.

1998ರಲ್ಲಿ ಸ್ಪೇನ್ ದೇಶ ಅವರಿಗೆ ಪ್ರಿನ್ಸ್ ಆಫ್ ಆಸ್ಟೂರಿಯಸ್ ಪ್ರಶಸ್ತಿ ನೀಡಿತು. 2009ರ ಜೂನ್ 19ರಂದು ಅನಂತಪುರದಲ್ಲೇ ಕಾಲವಾದರು. ಅವರ ದೇಹವನ್ನು ತಾಯ್ನಾಡಿಗೆ ಒಯ್ಯಲಿಲ್ಲ. ಸಮಾಧಿ ಇರುವುದು ಬತ್ತಲಪಲ್ಲಿಯಲ್ಲಿ.